ಹಳೆ ಕಂಪ್ಯೂಟರ್ ಗುಜರಿಗೆ ಹೋಗುವ ಮುನ್ನ

ಪಹಣಿ, ಜಾತಿ-ಆದಾಯ ಪ್ರಮಾಣಪತ್ರ, ಮಕ್ಕಳ ವಿದ್ಯಾರ್ಥಿವೇತನದ ಅರ್ಜಿ... ನೀಲಗುಂದದ ಕಡೆಯ ರೈತರಿಗೆ ಈಗ ಇವೆಲ್ಲ ಕಂಪ್ಯೂಟರ್ ಮೂಲಕವೇ ಆಗಬೇಕು. ಅದು ಶುರುವಾಗುವುದಕ್ಕೇ ಐದು ನಿಮಿಷ ಹಿಡಿದರೆ ಸರದಿ ಬೆಳೆಯುತ್ತದೆ, ಹರಪನಹಳ್ಳಿ ಬಸ್ಸು ತಪ್ಪುತ್ತದೆ, ಅರ್ಧ ದಿನದ ಕೂಲಿ ಹೋಗುತ್ತದೆ. ಕೇಳಿದರೆ ಸಿಗುವ ಉತ್ತರ, ‘ಮಿಷಿನ್ ಹಳೇದಾಗೈತ್ರಿ, ಹೊಸಾದು ಬರಬೇಕು.’

ಹೊಸದು ಬರುವತನಕ ಕಾಯಬೇಕಿಲ್ಲ. ಇಂಥ ಬಹುಪಾಲು ಯಂತ್ರಗಳಲ್ಲಿ ಕೆಲಸಕ್ಕೆ ಅಡ್ಡ ಬರುವುದು ಹಾರ್ಡ್ ಡಿಸ್ಕ್ ಒಂದೇ. ಅದರ ತಟ್ಟೆ ನಿಮಿಷಕ್ಕೆ 7200 ಸುತ್ತು ತಿರುಗುತ್ತದೆ. ಬೇಕಾದ ಕಡತ ಎಲ್ಲಿದೆಯೋ ಅಲ್ಲಿಗೆ ಓದುವ ತಲೆ ಸರಿಯಬೇಕು, ತಟ್ಟೆಯ ಆ ಭಾಗ ಕೆಳಗೆ ಬರಬೇಕು. ಹೀಗಾಗಿ ಸೆಕೆಂಡಿಗೆ ನೂರರ ಆಸುಪಾಸು ಜಾಗಗಳನ್ನಷ್ಟೇ ಮುಟ್ಟಲು ಸಾಧ್ಯ. ವಿಂಡೋಸ್ ಶುರುವಾಗುವಾಗ ಸಾವಿರಾರು ಚಿಕ್ಕ ಕಡತಗಳನ್ನು ಓದುತ್ತದೆ, ತಡವಾಗುವುದು ಅಲ್ಲೇ. ಹಾರ್ಡ್ ಡಿಸ್ಕಿನ ಬದಲು ಹಾಕಬಹುದಾದ ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ. ಅದೇ ಹೊತ್ತಿನಲ್ಲಿ ಸಾವಿರಗಟ್ಟಲೆ ಜಾಗಗಳಿಂದ ಓದುತ್ತದೆ. ಹಳೆಯ ಸಾಟಾ-2 ಮದರ್‌ಬೋರ್ಡ್ ಅದರ ಪೂರ್ಣ ವೇಗವನ್ನು ಬಳಸಿಕೊಳ್ಳಲಾರದು, ನಿಜ. ಆದರೂ ವ್ಯತ್ಯಾಸ ಮೊದಲ ದಿನವೇ ಕಣ್ಣಿಗೆ ಕಾಣುತ್ತದೆ.

ಕೆಲಸವೂ ದೊಡ್ಡದಲ್ಲ. ಪ್ಲಗ್ ಕಿತ್ತು, ಕ್ಯಾಬಿನೆಟ್ಟಿನ ಪಕ್ಕದ ತಗಡು ಬಿಚ್ಚಿ, ಬ್ರಷ್ಷಿನಿಂದ ಧೂಳು ತೆಗೆದರೆ ಹಾರ್ಡ್ ಡಿಸ್ಕಿಗೆ ಎರಡೇ ತಂತಿ ಕಾಣುತ್ತವೆ: ಒಂದು ಡೇಟಾದ ತೆಳು ಕೇಬಲ್, ಇನ್ನೊಂದು ಕರೆಂಟಿನದು. ಅವೇ ಎರಡು ಅಂಗೈಯಗಲದ ಎಸ್‌ಎಸ್‌ಡಿಗೂ ಕೂರುತ್ತವೆ. ಎಚ್ಚರ ಬೇಕಾದದ್ದು ಅದಕ್ಕೂ ಮೊದಲು. ಕಡತಗಳನ್ನೆಲ್ಲ ಬೇರೆಡೆ ನಕಲು ಮಾಡಿಕೊಳ್ಳಬೇಕು, ಜೊತೆಗೆ ಹಳೆಯ ನುಡಿ ಫಾಂಟುಗಳನ್ನೂ. ಫಾಂಟ್ ಹೋದರೆ ವರ್ಷಗಳ ಹಿಂದಿನ ನಡಾವಳಿ ಓದಲಾಗದ ಚಿಹ್ನೆಗಳ ರಾಶಿಯಾಗುತ್ತದೆ.

ಬಾಳಿಕೆಯ ಅಳುಕು ಅನೇಕರಿಗಿದೆ. 80 ಟೆರಾಬೈಟ್ ಬರೆಯುವ ಖಾತರಿಯಿರುವ ಸಾಧಾರಣ ಡ್ರೈವಿಗೆ ದಿನಕ್ಕೆ 20 ಜಿಬಿ ಬರೆದರೂ ಆ ಮಿತಿ ಮುಟ್ಟಲು ಹತ್ತು ವರ್ಷದ ಮೇಲಾಗುತ್ತದೆ. ಕಚೇರಿಯ ಕೆಲಸ ಅಷ್ಟು ಬರೆಯುವುದೂ ಇಲ್ಲ. ಕರೆಂಟು ಆಗಾಗ ಹೋಗುವ ಕಡೆ ಯುಪಿಎಸ್ ಮಾತ್ರ ಇರಲೇಬೇಕು. ರ್‍ಯಾಮ್ 2 ಜಿಬಿ ಇದ್ದರೆ ಅದನ್ನೂ ಏರಿಸಬೇಕು; ಇಲ್ಲದಿದ್ದರೆ ಹಾಕಿದ ದುಡ್ಡಿಗೆ ಅರ್ಧ ಫಲ.

ನಿಜವಾದ ತೊಡಕು ಬೇರೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಇಂಟೆಲ್‌ನ 8ನೇ ಪೀಳಿಗೆಗಿಂತ ಹಿಂದಿನ ಬಹುತೇಕ ಯಂತ್ರಗಳು ವಿಂಡೋಸ್ 11ರ ಷರತ್ತಿಗೆ ಹೊಂದುವುದಿಲ್ಲ. ಅಂಥವಕ್ಕೆ ಲಿನಕ್ಸ್ ಹಾಕಬಹುದು. ಕೆಜಿಪಿ ಕೀಲಿಮಣೆಯಲ್ಲಿ ಕನ್ನಡ ಟೈಪಿಸಲು ಅಲ್ಲಿಯೂ ಬರುತ್ತದೆ. ಕೇರಳದ ಕೈಟ್ ಸಂಸ್ಥೆ ಸರ್ಕಾರಿ ಶಾಲೆಗಳಲ್ಲಿ ಲಿನಕ್ಸನ್ನೇ ನಡೆಸುತ್ತಿದೆ, ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲೇ ಕಲಿಯುತ್ತಾರೆ. ನಮ್ಮ ಶಾಲೆಗಳ ಮೂಲೆ ಸೇರಿದ ಯಂತ್ರಗಳಿಗೆ ಈ ದಾರಿ ಏಕೆ ಬೇಡ?

ಪಂಚಾಯಿತಿ, ಶಾಲೆಗಳು ಹೊಸ ಕಂಪ್ಯೂಟರಿಗೆ ಬೇಡಿಕೆ ಸಲ್ಲಿಸುವಾಗ ‘ಎಸ್‌ಎಸ್‌ಡಿ, ರ್‍ಯಾಮ್ ಹಾಕಿ ನೋಡಲಾಗಿದೆಯೇ’ ಎಂಬ ಸಾಲು ಅರ್ಜಿಯಲ್ಲೇ ಇರಬೇಕು, ಬಿಡಿಭಾಗ ಕೊಳ್ಳುವ ಸಣ್ಣ ಮೊತ್ತ ಮುಖ್ಯಶಿಕ್ಷಕರ, ಪಿಡಿಒಗಳ ಕೈಯಲ್ಲಿರಬೇಕು. ಬಿಚ್ಚಿದ ಹಳೆ ಡಿಸ್ಕಿನಲ್ಲಿ ಊರಿನವರ ಆಧಾರ್ ಪ್ರತಿ, ಬ್ಯಾಂಕ್ ವಿವರ ಇರಬಹುದು. ಅದನ್ನು ಪೂರ್ತಿ ಅಳಿಸಬೇಕು, ಕೆಟ್ಟಿದ್ದರೆ ತಟ್ಟೆಯನ್ನೇ ಮುರಿಯಬೇಕು. ಆಮೇಲೆ ಅದು ಹೋಗಬೇಕಾದದ್ದು ನೋಂದಾಯಿತ ಇ-ತ್ಯಾಜ್ಯ ಮರುಬಳಕೆದಾರರ ಬಳಿಗೆ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮ ದೊಡ್ಡ ಪ್ರಮಾಣದಲ್ಲಿ ಇಂಥ ಉಪಕರಣ ಬಳಸುವ ಸಂಸ್ಥೆಗಳಿಗೆ ಹೇಳುವುದೂ ಇದನ್ನೇ.