ಮಚ್ಚಿಗಿಂತ ಭೀಕರವಾದ ಶೂನ್ಯ

ಹಳೆಯ ಕಥೆಗೆ ಹೊಸ ಉಡುಪನ್ನು ತೊಡಿಸುವುದು ದೋಷವಲ್ಲ. ವಿಜಯಪುರದ ಸಮೀಪದ ತೊರವಿಯಲ್ಲಿ ನರಹರಿ ಕವಿಯು ವಾಲ್ಮೀಕಿಯ ಕಥೆಯನ್ನು ಭಾಮಿನಿ ಷಟ್ಪದಿಯಲ್ಲಿ ಹಾಡಿದಾಗ ‘ತೊರವೆ ರಾಮಾಯಣ’ವು ಕನ್ನಡದ್ದೇ ಆದ ಕಾವ್ಯವಾಯಿತು. ಹೊಸ ನುಡಿಯೂ ಛಂದಸ್ಸೂ ಕಥೆಯ ಒಳಹೊಕ್ಕಿದ್ದೇ ಇದಕ್ಕೆ ಕಾರಣ. ಕಥೆಯನ್ನು ಬಾಹ್ಯಾಕಾಶಕ್ಕೆ ಕೊಂಡೊಯ್ಯುವವರಿಂದಲೂ ನಾವು ಇಷ್ಟನ್ನು ಅಪೇಕ್ಷಿಸಬೇಕು.

ಅಮೆರಿಕದ ‘ಫ್ರೈಡೇ ದ ಥರ್ಟೀನ್ತ್’ ಎಂಬ ಭಯಾನಕ ಚಿತ್ರಮಾಲೆಯು 1980ರಲ್ಲಿ ಸರೋವರದ ದಡದ ಶಿಬಿರವೊಂದರ ಕಥೆಯಿಂದ ಆರಂಭವಾಯಿತು. 2002ರಲ್ಲಿ ಅಲ್ಲಿ ತೆರೆಕಂಡ ಹತ್ತನೆಯ ಚಿತ್ರ ‘ಜೇಸನ್ ಎಕ್ಸ್’, ಮಚ್ಚು ಹಿಡಿದ ಕೊಲೆಗಾರ ಜೇಸನ್‌ನನ್ನು ಹೆಪ್ಪುಗಟ್ಟಿಸಿಟ್ಟು, 2455ನೆಯ ಇಸವಿಯ ಆಕಾಶನೌಕೆಯಲ್ಲಿ ಎಚ್ಚರಗೊಳಿಸುತ್ತದೆ. ಸ್ಥಳವೇನೋ ಬದಲಾಯಿತು, ಭಯದ ಕಾರಣ ಬದಲಾಗಲಿಲ್ಲ.

ಒಂದು ದೃಶ್ಯವನ್ನು ಪರೀಕ್ಷಿಸೋಣ. ಜೇಸನ್ ತರುಣಿಯೊಬ್ಬಳ ಮುಖವನ್ನು ದ್ರವರೂಪದ ಸಾರಜನಕದಲ್ಲಿ ಅದ್ದುತ್ತಾನೆ. ಕ್ಷಣಗಳಲ್ಲಿ ಹೆಪ್ಪುಗಟ್ಟಿದ ಅದನ್ನು ಒಡೆದು ಪುಡಿಮಾಡುತ್ತಾನೆ. ಸೊನ್ನೆಗಿಂತ 196 ಡಿಗ್ರಿ ಸೆಂಟಿಗ್ರೇಡ್ ಕೆಳಗೆ ಕುದಿಯುವ ಈ ದ್ರವವು ಚರ್ಮವನ್ನು ಘಾಸಿಗೊಳಿಸುವುದು ನಿಜ. ಆದರೆ ತಲೆಯಷ್ಟು ದಪ್ಪನಾದ ವಸ್ತುವಿನ ಒಳಗಿನ ಶಾಖವು ಅಷ್ಟು ಬೇಗ ಹೊರಬರಲಾರದು. ನಿಜವಾದ ಅಪಾಯವೇ ಬೇರೆ. 1 ಲೀಟರು ದ್ರವವು ಆವಿಯಾದರೆ ಸುಮಾರು 700 ಲೀಟರು ಅನಿಲವಾಗಿ, ಮುಚ್ಚಿದ ಕೋಣೆಯಲ್ಲಿ ಆಮ್ಲಜನಕದ ಪ್ರಮಾಣವನ್ನು ಕುಗ್ಗಿಸುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಉಸಿರುಕಟ್ಟಿದ ಅನುಭವವನ್ನು ಮುಖ್ಯವಾಗಿ ಉಂಟುಮಾಡುವುದು ರಕ್ತದಲ್ಲಿ ಏರುವ ಇಂಗಾಲದ ಡೈಆಕ್ಸೈಡ್. ಇಲ್ಲಿ ಅದು ಏರುವುದಿಲ್ಲವಾದುದರಿಂದ, ಮನುಷ್ಯನು ಎಚ್ಚರಿಕೆಯೇ ಇಲ್ಲದೆ ಪ್ರಜ್ಞೆ ತಪ್ಪಬಹುದು. ನೌಕೆಯಲ್ಲಿದ್ದ ಈ ಅದೃಶ್ಯ ಕೊಲೆಗಾರನನ್ನು ಚಿತ್ರವು ಗಮನಿಸಲೇ ಇಲ್ಲ.

ಇದು ಬರಿಯ ಕಲ್ಪನೆಯಲ್ಲ. 1971ರ ಜೂನ್ 30ರಂದು ಸೋವಿಯೆತ್ ನೌಕೆ ‘ಸೋಯುಜ್ 11’ ಭೂಮಿಗೆ ಮರಳುವಾಗ, ಸಣ್ಣ ಕವಾಟವೊಂದು ಅಕಾಲದಲ್ಲಿ ತೆರೆದು ಒಳಗಿನ ಗಾಳಿಯೆಲ್ಲವೂ ಹೊರಹೋಯಿತು. ದೊಬ್ರೊವೊಲ್‌ಸ್ಕಿ, ವೋಲ್ಕೊವ್, ಪತ್ಸಾಯೆವ್ ಎಂಬ ಮೂವರು ಯಾತ್ರಿಕರೂ ಮೃತರಾದರು. ಅವರು ಒತ್ತಡದ ಉಡುಪನ್ನು ಧರಿಸಿರಲಿಲ್ಲ. ಅನಂತರದ ಸೋಯುಜ್ ಯಾನಗಳಲ್ಲಿ ಉಡ್ಡಯನ ಹಾಗೂ ಇಳಿತದ ವೇಳೆ ಆ ಉಡುಪು ಕಡ್ಡಾಯವಾಯಿತು.

ಇಂತಹ ಚಿತ್ರಗಳನ್ನು ನೋಡಬಾರದೆಂದು ನಾನು ಹೇಳುವುದಿಲ್ಲ. ವಿನೋದಕ್ಕೂ ಬಾಳಿನಲ್ಲಿ ಸ್ಥಾನವುಂಟು. ಆದರೆ ನಾಳೆ ಕನ್ನಡದಲ್ಲಿ ಬಾಹ್ಯಾಕಾಶದ ಕಥೆಗಳನ್ನು ಬರೆಯಬೇಕಾದವರು ಇಂದಿನ ವಿದ್ಯಾರ್ಥಿಗಳೇ. ಅವರು ಪ್ರತಿಯೊಂದು ಕಥೆಗೂ ಈ ಪ್ರಶ್ನೆಯನ್ನು ಹಾಕಲಿ: ಇದನ್ನು ಮರಳಿ ಸರೋವರದ ದಡಕ್ಕೆ ತಂದರೂ ಯಾವ ನಷ್ಟವೂ ಇಲ್ಲವೇ? ಇಲ್ಲವೆಂದಾದರೆ, ಅಲ್ಲಿಯ ನಕ್ಷತ್ರಗಳು ಪರದೆಯ ಮೇಲೆ ಬಳಿದ ಬಣ್ಣ ಮಾತ್ರ.