ಕಾಣದ ಗಾಯ

ರಣರಂಗದಲ್ಲಿ ಕೈಕಾಲುಗಳನ್ನು ಕಳೆದುಕೊಂಡು ಮರಳಿದ ಯೋಧನಿಗೆ ಸಮಾಜವು ತಲೆಬಾಗುತ್ತದೆ. ಮನಸ್ಸು ಮುರಿದು ಮರಳಿದವನನ್ನಾದರೋ ಹೇಡಿಯೆಂದು ಜರೆಯಲು ಹಿಂಜರಿಯುವುದಿಲ್ಲ. ಈ ಅನ್ಯಾಯದ ಸ್ವರೂಪವನ್ನು ಅರಿಯಬೇಕಾದರೆ, ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದಲ್ಲಿದ್ದ ಕ್ರೇಗ್‌ಲಾಕ್‌ಹಾರ್ಟ್ ಯುದ್ಧಾಸ್ಪತ್ರೆಯ ಚರಿತ್ರೆಯನ್ನು ವಾಚಕರು ಅವಲೋಕಿಸಬೇಕು.

ಜಲಚಿಕಿತ್ಸೆಗೆಂದು ಕಟ್ಟಿದ್ದ ಆ ಭವನವು ೧೯೧೬ರಿಂದ ೧೯೧೯ರ ವರೆಗೆ, ಸಿಡಿಗುಂಡುಗಳ ನಡುವೆ ಚಿತ್ತಸ್ವಾಸ್ಥ್ಯವನ್ನು ಕಳೆದುಕೊಂಡ ಸೈನ್ಯಾಧಿಕಾರಿಗಳ ಚಿಕಿತ್ಸಾಲಯವಾಗಿತ್ತು. ಅಲ್ಲಿನ ವೈದ್ಯರಲ್ಲಿ ಪ್ರಖ್ಯಾತರಾದ ಡಾ. ರಿವರ್ಸ್ ಅವರು ನಮ್ಮವರಿಗೆ ಅಪರಿಚಿತರಲ್ಲ. ನೀಲಗಿರಿಯ ತೋಡರ ನಡುವೆ ಇದ್ದು, ಆ ಜನರನ್ನು ಕುರಿತು ೧೯೦೬ರಲ್ಲಿ ಗ್ರಂಥವನ್ನು ಪ್ರಕಟಿಸಿದವರೇ ಅವರು. ಭೀಕರ ಸ್ಮೃತಿಗಳನ್ನು ಅದುಮಿಡುವುದರಿಂದ ರೋಗವು ಬಲಿಯುವುದೆಂದೂ, ಅವನ್ನು ಎದುರಿಸಿ ಮಾತಿಗೆ ತರುವುದೇ ಮದ್ದೆಂದೂ ಅವರು ಪ್ರತಿಪಾದಿಸಿದರು.

ಆದರೆ ಈ ಕರುಣೆಯು ಯಾರ ಪಾಲಿಗೆ ಒದಗಿತು? ಅಧಿಕಾರಿಗೆ ಸಂವಾದವು ಮದ್ದಾದರೆ, ಲಂಡನ್ನಿನ ಮತ್ತೊಂದು ಆಸ್ಪತ್ರೆಯಲ್ಲಿ ಡಾ. ಯೆಲ್ಯಾಂಡ್ ಎಂಬವರು ಮಾತು ನಿಂತುಹೋದ ಸಾಮಾನ್ಯ ಸೈನಿಕರಿಗೆ ವಿದ್ಯುತ್ತಿನ ಆಘಾತವನ್ನು ಕೊಟ್ಟು ಮಾತನಾಡಿಸುತ್ತಿದ್ದರು. ಪಲಾಯನ, ಹೇಡಿತನ ಮುಂತಾದ ಅಪರಾಧಗಳಿಗಾಗಿ ಆ ಯುದ್ಧದಲ್ಲಿ ಬ್ರಿಟಿಷ್ ಸಾಮ್ರಾಜ್ಯವು ಗುಂಡಿಕ್ಕಿ ಕೊಂದ ತನ್ನದೇ ಸೈನಿಕರಲ್ಲಿ ೩೦೬ ಮಂದಿಗೆ ಕ್ಷಮೆ ದೊರೆತದ್ದು ೨೦೦೬ರಲ್ಲಿ! ಸತ್ತವರಿಗೆ ಆ ಕ್ಷಮೆಯಿಂದ ಬಂದ ಲಾಭವೇನು?

ಇಂಥವರಿಗೆ ಅನುಕಂಪವನ್ನು ತೋರಿದರೆ ಸೈನ್ಯದ ಶಿಸ್ತು ಸಡಿಲಗೊಳ್ಳುವುದೆಂದು ವಾದಿಸುವವರುಂಟು. ೧೯೧೭ರಲ್ಲಿ ಕ್ರೇಗ್‌ಲಾಕ್‌ಹಾರ್ಟಿನಲ್ಲಿದ್ದ ಇಬ್ಬರು ಕವಿಗಳೇ ಈ ವಾದಕ್ಕೆ ಉತ್ತರವಾಗಿದ್ದಾರೆ. ಸೀಗ್‌ಫ್ರೀಡ್ ಸಸೂನರು ಶೌರ್ಯಪದಕವನ್ನು ಪಡೆದ ಮೇಲೆಯೇ ಯುದ್ಧವನ್ನು ಖಂಡಿಸಿ ಹೇಳಿಕೆ ಕೊಟ್ಟವರು. ಅವರನ್ನು ಸೈನಿಕ ನ್ಯಾಯಾಲಯಕ್ಕೆ ಎಳೆಯುವ ಬದಲು ರೋಗಿಯೆಂದು ಅಲ್ಲಿಗೆ ಕಳುಹಿಸಲಾಯಿತು. ವಿಲ್ಫ್ರೆಡ್ ಓವೆನರು ಗುಣಹೊಂದಿ ಕದನಕ್ಕೆ ಮರಳಿ, ಅಂಥದೇ ಪದಕಕ್ಕೆ ಪಾತ್ರರಾಗಿ, ಕದನವಿರಾಮಕ್ಕೆ ಒಂದೇ ವಾರವಿರುವಾಗ, ೧೯೧೮ರ ನವೆಂಬರ್ ೪ರಂದು ಹತರಾದರು. ಇವರನ್ನು ಹೇಡಿಗಳೆನ್ನಲು ಯಾರ ನಾಲಿಗೆ ಏಳೀತು? ಗುಣಪಡಿಸುವುದು ಮತ್ತೆ ಮೃತ್ಯುಮುಖಕ್ಕೆ ಕಳುಹಿಸುವುದಕ್ಕಾಗಿಯೇ ಎಂಬ ಧರ್ಮಸಂಕಟವು ಆ ವೈದ್ಯರನ್ನೂ ಬಾಧಿಸದೆ ಬಿಡಲಿಲ್ಲ.

ಆ ಮಹಾಯುದ್ಧದಲ್ಲಿ ಹತ್ತು ಲಕ್ಷಕ್ಕೂ ಮಿಕ್ಕ ಭಾರತೀಯರು ಕಡಲಾಚೆ ಸೇವೆ ಸಲ್ಲಿಸಿದರು. ಮೈಸೂರಿನ ಅಶ್ವದಳವು ೧೯೧೮ರಲ್ಲಿ ಹೈಫಾದಲ್ಲಿ ಕಾದಿತು. ಕೇವಲ ಅಧಿಕಾರಿಗಳಿಗಾಗಿದ್ದ ಕ್ರೇಗ್‌ಲಾಕ್‌ಹಾರ್ಟಿನ ಬಾಗಿಲು ನಮ್ಮ ಸಿಪಾಯಿಗೆ ತೆರೆಯುವಂತಿರಲಿಲ್ಲ. ಅವರ ಶೌರ್ಯವನ್ನು ಶಿಲೆಯಲ್ಲಿ ಕೆತ್ತಿದ್ದೇವೆ. ಅವರ ನಿದ್ರೆಯಿಲ್ಲದ ಇರುಳುಗಳನ್ನು ಕೇಳಿದವರಾರು?

ಮಾನಸಿಕ ಚಿಕಿತ್ಸೆಯು ಪ್ರತಿಯೊಬ್ಬನ ಹಕ್ಕೆಂದು ನಮ್ಮ ದೇಶವು ೨೦೧೭ರ ಕಾಯಿದೆಯಿಂದ ಒಪ್ಪಿದೆ. ಕಾಯಿದೆಯ ಅಕ್ಷರವು ಯೋಧನ ಮನೆಯ ಹೊಸ್ತಿಲನ್ನು ದಾಟಬೇಕಾದರೆ, ಮೊದಲು ಊರಿನ ನಾಲಿಗೆ ತಿದ್ದಬೇಕು. ಪದವಿಯನ್ನು ನೋಡಿ ಗಾಯವನ್ನು ಅಳೆಯುವ ಜನಾಂಗವು ತನ್ನ ವೀರರನ್ನು ಗೌರವಿಸುತ್ತದೆಂದು ನಾವು ಒಪ್ಪಲಾರೆವು.