ನಮ್ಮವನೊಬ್ಬ ಗೆದ್ದರೆ ಸಾಕೇ?

ಮಾರಿಕುಪ್ಪಂನಿಂದ ನಸುಕಿನಲ್ಲಿ ಹೊರಡುವ ರೈಲು ಕೋಲಾರ ಚಿನ್ನದ ಗಣಿಯ ದುಡಿಯುವ ಜನರನ್ನು ಹೊತ್ತು ಬಂಗಾರಪೇಟೆಯ ಮೂಲಕ ಬೆಂಗಳೂರು ಸೇರುತ್ತದೆ. ಒಂದು ಕಾಲದಲ್ಲಿ ಇದೇ ಹಳಿ ದುಡಿಮೆಯನ್ನರಸಿ ಬಂದವರನ್ನು ಈ ಊರಿಗೆ ತಂದಿತ್ತು. ಈಗ ಅವರ ಮರಿಮಕ್ಕಳನ್ನು ದುಡಿಮೆಗಾಗಿಯೇ ಊರಾಚೆಗೆ ಒಯ್ಯುತ್ತಿದೆ. ಇಷ್ಟಾದರೂ 'ನೀವು ಮೂಲತಃ ಎಲ್ಲಿಯವರು?' ಎಂಬ ಪ್ರಶ್ನೆ ಅವರ ಬೆನ್ನು ಬಿಟ್ಟಿಲ್ಲ. ಈ ಪ್ರಶ್ನೆಯ ಕಹಿ ಏನೆಂಬುದು ನಮ್ಮ ಓದುಗರಿಗೂ ತಿಳಿಯದ್ದೇನಲ್ಲ.

1880ರಲ್ಲಿ ಜಾನ್ ಟೇಲರ್ ಕಂಪೆನಿ ಇಲ್ಲಿಗೆ ಕಾಲಿಟ್ಟ ಬಳಿಕ ಉತ್ತರ ಆರ್ಕಾಟ್, ಸೇಲಂ, ಚಿತ್ತೂರು ಕಡೆಗಳಿಂದ ಸಾವಿರಾರು ಕುಟುಂಬಗಳು ವಲಸೆ ಬಂದವು. ಸುರಂಗಕ್ಕಿಳಿದವರಲ್ಲಿ ಬಹುಪಾಲು ತಮಿಳು ಮಾತನಾಡುವ ದಲಿತರು. ಕಂಪೆನಿ ಅವರನ್ನು ಕೂಲಿಗಳೆಂದಷ್ಟೇ ಬಗೆಯಿತು. ಆದರೆ 1930ರಲ್ಲಿ, ಕಾರ್ಮಿಕ ಸಂಘಗಳು ಬೇರೂರುವ ಮೊದಲೇ, ಹೆಬ್ಬೆರಳ ಗುರುತು ಪಡೆಯುವ ನೋಂದಣಿ ಪದ್ಧತಿಯ ವಿರುದ್ಧ ಆ 'ಕೂಲಿಗಳು' ಮುಷ್ಕರ ಹೂಡಿದರು. 1946ರ ಮುಷ್ಕರದಲ್ಲಿ ಪೊಲೀಸರ ಗುಂಡಿಗೆ ಜೀವ ತೆತ್ತರು. 1952ರ ಪ್ರಥಮ ಚುನಾವಣೆಯಲ್ಲಿ ದೇಶವೆಲ್ಲ ಕಾಂಗ್ರೆಸ್ಸಿಗೆ ಮತ ನೀಡುತ್ತಿದ್ದಾಗ ಗಣಿಯ ಜನ ಕಮ್ಯುನಿಸ್ಟ್ ಪಕ್ಷದ ಕೆ.ಎಸ್. ವಾಸನ್ ಮತ್ತು ಪರಿಶಿಷ್ಟ ಜಾತಿ ಫೆಡರೇಶನ್ನಿನ ಪಿ.ಎಂ. ಸ್ವಾಮಿದೊರೈ ಅವರನ್ನು ವಿಧಾನಸಭೆಗೆ ಕಳುಹಿಸಿದರು. ಯಾವ ಪಕ್ಷದ ಕೃಪೆಯೂ ಅಲ್ಲದ, ಸುರಂಗದ ಕತ್ತಲಲ್ಲಿ ಹುಟ್ಟಿದ ನಾಯಕತ್ವವದು.

ಜಗತ್ತಿನ ಬೇರೆಡೆಯೂ ವಲಸಿಗರ ಹಾದಿ ಹೀಗೆಯೇ ಸಾಗಿದೆ. ಬರಗಾಲದ ಐರ್ಲೆಂಡಿನಿಂದ ಅಮೆರಿಕಕ್ಕೆ ಬಂದವರ ಮರಿಮಗ ಜಾನ್ ಕೆನಡಿ 1960ರಲ್ಲಿ ಅಧ್ಯಕ್ಷರಾಗಿ ಆಯ್ಕೆಯಾದರು. ಅದಕ್ಕೆ ಬಹಳ ಹಿಂದೆಯೇ ಅವರ ತಾಯಿಯ ತಂದೆ ಬೋಸ್ಟನ್ನಿನ ಮೇಯರ್ ಆಗಿದ್ದರು. ಐರಿಷ್ ಜನ ಮೊದಲು ವಾರ್ಡುಗಳಲ್ಲಿ ಬಲ ಕೂಡಿಸಿಕೊಂಡರು, ಶ್ವೇತಭವನ ಆಮೇಲಿನ ಮಾತು. ಫ್ರಾನ್ಸಿನಲ್ಲಿ ಇಟಲಿಯಿಂದ ಬಂದ ದಿನಸಿ ವ್ಯಾಪಾರಿಯ ಮಗ ಗಂಬೆಟ್ಟಾ 1881ರಲ್ಲೇ ಪ್ರಧಾನಿಯಾದರು. ಆದರೆ ಅದೇ ಫ್ರಾನ್ಸಿನಲ್ಲಿ 2007ರಲ್ಲಿ ಹಂಗೇರಿಯಿಂದ ವಲಸೆ ಬಂದವನ ಮಗ ಸರ್ಕೋಜಿ ಅಧ್ಯಕ್ಷರಾದಾಗ ನಡೆದದ್ದೇನು? 'ವಲಸೆ ಮತ್ತು ರಾಷ್ಟ್ರೀಯ ಅಸ್ಮಿತೆ'ಯ ಹೆಸರಿನಲ್ಲಿ ಸಚಿವಾಲಯವನ್ನೇ ತೆರೆದು ಹೊಸ ವಲಸಿಗರನ್ನು ಸಂಶಯದಿಂದ ನೋಡಲಾಯಿತು. ತಂದೆ ದಾಟಿ ಬಂದ ಬಾಗಿಲಿಗೆ ಮಗ ಅಗುಳಿ ಹಾಕಿದ! ನಾಯಕನ ವಂಶ ಯಾವುದೆಂಬುದು ಆತನ ನಿಲುವಿಗೆ ಜಾಮೀನಲ್ಲ.

ಗಣಿಯ ಕಥೆಯೂ ಕ್ರಮೇಣ ಅತ್ತಲೇ ಹೊರಳಿತು. ರಿಪಬ್ಲಿಕನ್ ಪಕ್ಷದವರು ಗೆದ್ದರು, 1983ರಲ್ಲೂ 1989ರಲ್ಲೂ ತಮಿಳುನಾಡಿನ ಅಣ್ಣಾ ಡಿಎಂಕೆ ಗೆದ್ದಿತು. 'ನಮ್ಮವರು' ಎಂಬ ಅಭಿಮಾನಕ್ಕೇನೂ ಕೊರತೆಯಾಗಲಿಲ್ಲ. ಆದರೆ 2001ರ ಫೆಬ್ರವರಿ 28ರಂದು ಕೇಂದ್ರ ಸರಕಾರ ಭಾರತ್ ಗೋಲ್ಡ್ ಮೈನ್ಸನ್ನು ಮುಚ್ಚಿದಾಗ ಅದನ್ನು ತಡೆಯುವ ಶಕ್ತಿ ಯಾವ 'ನಮ್ಮವರಿಗೂ' ಇರಲಿಲ್ಲ. ಕೆಲಸದೊಂದಿಗೆ ಸಂಘಟನೆಯೂ ಕರಗಿತು. ಸಂಬಳದ ದಿನವನ್ನೇ ನೆಚ್ಚಿಕೊಂಡಿದ್ದ ರಾಬರ್ಟ್‌ಸನ್‌ಪೇಟೆ, ಆಂಡರ್ಸನ್‌ಪೇಟೆಗಳ ಅಂಗಡಿಗಳೂ ಸೊರಗಿದವು. ಅವುಗಳಲ್ಲಿ ನಮ್ಮ ಸಮುದಾಯದವರ ಅಂಗಡಿಗಳೂ ಸೇರಿದ್ದವು. ಗಣಿ ಕಾರ್ಮಿಕನ ಒಲೆ ಆರಿದರೆ ತಮ್ಮ ಒಲೆಯೂ ಆರುತ್ತದೆಂಬುದು ಅವರಿಗೆ ಆಗ ಮನದಟ್ಟಾಯಿತು.

ಚುನಾವಣೆ ಬಂತೆಂದರೆ ನಾವೂ ಎಷ್ಟು ಟಿಕೆಟ್ ಸಿಕ್ಕಿತೆಂಬ ಲೆಕ್ಕದಲ್ಲಿ ಮುಳುಗುತ್ತೇವೆ. ಪ್ರಾತಿನಿಧ್ಯ ಬೇಡವೆಂದು ನಾವು ಹೇಳುತ್ತಿಲ್ಲ, ಅದು ನ್ಯಾಯವಾದ ಹಕ್ಕು. ಆದರೆ ಗೆದ್ದವನನ್ನು ಮರುದಿನ ಪ್ರಶ್ನಿಸುವ ಸಂಘಟನೆ ನಮ್ಮ ಮೊಹಲ್ಲಾಗಳಲ್ಲಿ ಎಲ್ಲಿದೆ? ಸನ್ಮಾನದ ಶಾಲು ಹೊದಿಸುವುದರಲ್ಲೇ ನಮ್ಮ ರಾಜಕೀಯ ಮುಗಿದುಹೋಗುತ್ತಿದೆ.

ಗಣಿ ಪ್ರದೇಶದ 13 ಸೈನೈಡ್ ದಿಬ್ಬಗಳಿಂದ ಮತ್ತೆ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟ 2024ರ ಜೂನ್‌ನಲ್ಲಿ ಒಪ್ಪಿಗೆ ನೀಡಿತು. ಬೇಸಗೆಯ ಗಾಳಿಗೆ ಆ ದಿಬ್ಬಗಳ ಧೂಳು ಕುಡಿದು ಬೆಳೆದ ಮಕ್ಕಳಿಗೆ ಆ ಕೆಲಸದಲ್ಲಿ ಎಷ್ಟು ಪಾಲು? ಧೂಳಿನಿಂದ ರಕ್ಷಣೆ ಏನು? ಗಣಿಯ ಕಾಲೋನಿಗಳ ತಮಿಳರು, ಪೇಟೆಯ ಮುಸ್ಲಿಮರು, ಸುತ್ತಲಿನ ಹಳ್ಳಿಗಳ ಕನ್ನಡಿಗ ಮತ್ತು ತೆಲುಗು ರೈತರು ಒಂದೇ ಮನವಿಗೆ ಸಹಿ ಹಾಕಿ ಶಾಸಕರ, ಸಂಸದರ ಮುಂದೆ ಈ ಪ್ರಶ್ನೆಗಳನ್ನಿಡಲಿ. ಯಂತ್ರಗಳು ಬಂದಿಳಿದ ಮೇಲೆ ಕೇಳಿ ಪ್ರಯೋಜನವಿಲ್ಲ.